ಕ್ಯಾನಿನವನದು ತಪ್ಪಿಲ್ಲ

ಸೊಸೆಯಮ್ಮಾ,

ನೀರಿನ ಪರೀಕ್ಷೆಯ ವರದಿ ಬಂತು. ಒಡೆದು ಓದಿ ಫ್ರಿಜ್ಜಿನ ಮೇಲಿಟ್ಟಿದ್ದೇನೆ. ನಲ್ಲಿ ನೀರಿನಲ್ಲಿ ಕಾರ್ಖಾನೆಯ ರಾಸಾಯನಿಕ ಇದೆಯಂತೆ. ನೀನು ಹೇಳಿದ್ದೇ ಸರಿ.

ನೀನು ಅದರ ಜೊತೆ ಪರೀಕ್ಷೆಗೆ ಕಳಿಸಿದ ಕ್ಯಾನ್ ನೀರಿನಲ್ಲೂ ಅಷ್ಟೇ ಇದೆ. ಅದಕ್ಕಾಗಿ ಕ್ಯಾನಿನವನ ಮೇಲೆ ಎಗರಾಡಬೇಡ. ನೀನು ಕೆಲಸಕ್ಕೆ ಹೋದಮೇಲೆ ಕ್ಯಾನಿನ ನೀರು ಚೆಲ್ಲಿ ಅದಕ್ಕೆ ನಲ್ಲಿ ನೀರು ತುಂಬಿಡುತ್ತಿದ್ದವನು ನಾನು. ಪಂಪು ನಡೆಸಿ ಇಡೀ ಊರಿಗೆ ನೀರು ಬಿಟ್ಟವನ ಮನೆಗೇ ಕ್ಯಾನ್ ಬರಬೇಕೇ ಎಂಬ ಉರಿ ನನಗೆ. ‘ಕ್ಯಾನ್ ನೀರಿನ ರುಚೀನೇ ಬೇರೆ ಅಲ್ವಾ ಮಾವ’ ಎಂದು ನೀನು ಅಂದಾಗೆಲ್ಲ ಒಳಗೊಳಗೇ ನಗುತ್ತಿದ್ದೆ. ಈಗ ನಿನಗೆ ಮುಖ ತೋರಿಸಲಾಗದೆ ಚೀಟಿ ಬರೆಯುತ್ತಿದ್ದೇನೆ.

ಕ್ಯಾನಿನಲ್ಲಿದ್ದುದನ್ನು ಬಚ್ಚಲಿಗೆ ಸುರಿದಿದ್ದೇನೆ. ಒಲೆಯ ಮೇಲಿರುವ ಕಾಯಿಸಿದ ನೀರನ್ನೂ ಚೆಲ್ಲಿಬಿಡು, ಕಾಯಿಸಿದರೆ ಇದು ಹೋಗುವುದಿಲ್ಲವಂತೆ. ಹೊಸ ಕ್ಯಾನ್ ತರಲು ನಾನೇ ಹೊರಟಿದ್ದೇನೆ. ಅವನಿಗೂ ಇದ್ದದ್ದು ಇದ್ದ ಹಾಗೆ ಹೇಳಿ ಬರುತ್ತೇನೆ.

ಸಂಜೆ ನೀನು ಬೈಯುವಾಗ, ತಾತನ ಮರ್ಯಾದೆ ಹೋಗುತ್ತದೆಂದು ಪುಟ್ಟಿಯನ್ನು ಒಳಗೆ ಕಳಿಸಬೇಡ. ಅವಳೂ ಅದೇ ನೀರು ಕುಡಿದಿದ್ದಾಳೆ.

ಮಾವ