ಈಡಿತವ್ವನ ಪರವಾಗಿ ಎರಡು ಮಾತು

ಲಿವರ್‌ಪೂಲ್, ಸಿಡ್ನಿ
14-6-2007

ಪ್ರೀತಿಯ ಮಗಳು ಸಂಧ್ಯಾರಾಣಿಗೆ,

ನಿನ್ನೆ ಕೆಟ್ಟ ಕನಸು ಬಿತ್ತು. ದೊಡ್ಡ ಮೇಜಿನ ಆಚೆ ಕೋಟು ಹಾಕಿದವರು ಸಾಲಾಗಿ ಕೂತಿದ್ದಾರೆ, ನಾನು ಬಾಯಿ ತೆರೆದರೆ ದನಿಯೇ ಇಲ್ಲ. ಎದ್ದು ನೀರು ಕುಡಿದೆ. ನಿನ್ನ ಕೆಮ್ಮು ಹೇಗಿದೆ? ಮೆಲ್ಬರ್ನ್ ಥಂಡಿಗೆ ಕಿವಿ ಮುಚ್ಚಿಕೊಂಡು ಓಡಾಡು, ಕಾಲೇಜಿಗೆ ಹೊರಡುವ ಮುಂಚೆ ಏನಾದರೂ ತಿನ್ನು. ನಾವು ಇಲ್ಲಿ ಆರಾಮ. ಫೋನಿನಲ್ಲಿ ಹೇಳಿದರೆ ನೀನು ಅರ್ಧಕ್ಕೇ ನಗುತ್ತೀ, ಅದಕ್ಕೇ ಈ ಪತ್ರ.

ನಾನು ಕೆಲಸ ಮಾಡುವ ಯಹೂದಿ ಜನರ ಸೇವಾಸಂಸ್ಥೆಯವರು ಮುದುಕರ ಆರೈಕೆಯ ನಿಯಮ ಬದಲಾಯಿಸಿ ಎಂದು ಸರಕಾರವನ್ನು ಕೇಳುತ್ತಿದ್ದಾರೆ. ಈಗ ಹೇಗೆಂದರೆ, ಮನೆಗೆ ಹೋಗಿ ಸ್ನಾನ ಮಾಡಿಸುವವರು, ಊಟ ಕೊಡುವವರು ಯಾರು ಖಾಲಿ ಇದ್ದಾರೋ ಅವರು. ಇವತ್ತು ಒಬ್ಬರು, ನಾಳೆ ಇನ್ನೊಬ್ಬರು. ಹಾಗಲ್ಲ, ಪರಿಚಯದವರನ್ನೇ ಕಳಿಸಲು ಆಗುವ ಹಾಗೆ ನಿಯಮ ಇರಲಿ ಎಂದು ಇವರ ವಾದ. ಮುಂದಿನ ತಿಂಗಳ ಮೊದಲ ಗುರುವಾರ ನಿಮ್ಮ ಮೆಲ್ಬರ್ನ್‌ನಲ್ಲಿ ಒಂದು ಸಮಿತಿ ಕೂತು ಎಲ್ಲರ ಮಾತು ಕೇಳುತ್ತದಂತೆ. ಅಲ್ಲಿ ಮಾತಾಡಲು ನನ್ನನ್ನು ಆರಿಸಿದ್ದಾರೆ! ಏಳನೇ ಇಯತ್ತೆಗೆ ಶಾಲೆ ಬಿಟ್ಟವಳನ್ನು!

ಕಾರಣ ನಾನು ಆರೈಕೆಗೆ ಹೋಗುವ ಮನೆಯ ನಮ್ಮ ಈಡಿತವ್ವ. ಮಿಸೆಸ್ ಈಡಿತ್ ಎನ್ನಬೇಕು, ನನ್ನ ಬಾಯಿಗೆ ಅವ್ವ ಎಂದೇ ಬರುತ್ತದೆ, ಆಕೆಗೂ ಅದು ರೂಢಿಯಾಗಿದೆ. ಹಂಗೇರಿಯ ಯಹೂದಿಯವರು. ಹುಡುಗಿಯಾಗಿದ್ದಾಗ ಯುದ್ಧದಲ್ಲಿ ಮನೆಯವರನ್ನೆಲ್ಲ ಕಳಕೊಂಡರು. ಈಗ ಮರೆವು ಬಂದಿದೆ. ಹೊಸ ಮುಖ ಬಾಗಿಲಿಗೆ ಬಂದರೆ ಮಂಚದ ಆಚೆ ಸರಿದು ಕೂತುಬಿಡುತ್ತಾರೆ. ಶುಕ್ರವಾರ ಹೊತ್ತು ಮುಳುಗುವ ಮುಂಚೆ ಎರಡು ಮೇಣದ ದೀಪ ಹಚ್ಚಿ ಕಣ್ಣು ಮುಚ್ಚಿ ಬೇಡಿಕೊಳ್ಳುವುದನ್ನು ಮಾತ್ರ ಮರೆತಿಲ್ಲ. ಹಚ್ಚುವ ಮೊದಲೇ ನಾನು ದೀಪದ ಕಂಬಗಳನ್ನು ಪರದೆಯಿಂದ ದೂರ ತಾಟಿನಲ್ಲಿ ಇಟ್ಟು, ಅವು ತಾವಾಗಿ ಶಾಂತವಾಗುವ ತನಕ ಪಕ್ಕದಲ್ಲಿ ಕೂತಿರುತ್ತೇನೆ. ಅವರ ಧರ್ಮದಲ್ಲಿ ಆ ದೀಪ ಆರಿಸಬಾರದು, ನಮ್ಮ ಮನೆಯಲ್ಲೂ ದೀಪಕ್ಕೆ ಯಾರೂ ಬಾಯಿಂದ ಊದುವುದಿಲ್ಲವಲ್ಲ.

ನನಗೆ ಜ್ವರ ಬಂದ ವಾರ ಬೇರೆ ಹುಡುಗಿ ಹೋಗಿದ್ದಳು. ಉರಿಯುವ ದೀಪ ಬಿಟ್ಟು ಹೊರಡಬಾರದು ಎಂದು ನಮಗೆ ಕಲಿಸುತ್ತಾರೆ, ಪಾಪ, ಊದಿ ಆರಿಸಿ ಬಂದಳು. ಈಡಿತವ್ವ ಮರುದಿನ ಇಡೀ ಊಟ ಮುಟ್ಟಲಿಲ್ಲ, ಯಾರೋ ಸತ್ತ ಹಾಗೆ ಅತ್ತರಂತೆ. ಆ ಹುಡುಗಿಯದೇನು ತಪ್ಪು? ಅವಳ ಹೆಸರು ಎಲ್ಲೂ ಬರಬಾರದು ಎಂದು ನಾನು ಮೊದಲೇ ಶರತ್ತು ಹಾಕಿದೆ. ನಮ್ಮ ಮೇಲಧಿಕಾರಿ ಮಿರಿಯಮ್ ಬಾಯಿ, “ಇದನ್ನೇ ಹೇಳು ಅನ್ನಾ, ಇಷ್ಟೇ ಸಾಕು” ಎಂದರು. ಅವರ ಬಾಯಲ್ಲಿ ನನ್ನ ಹೆಸರು ಅಷ್ಟೇ ಉಳಿದಿದೆ.

ನಿಮ್ಮಪ್ಪನಿಗೆ ಹೇಳಿದರೆ, “ನನ್ನ ಮುಂದ ತಾಸುಗಟ್ಟಲೆ ಒದರ್ತಿ, ಅಲ್ಲ್ಯಾಕ ಬಾಯಿ ಕಟ್ಟತೈತಿ?” ಎಂದು ನಕ್ಕರು. ಆಮೇಲೆ ತಾವೇ ನಮ್ಮ ಕಡೆಯ ಅಂಗಡಿಗಳಿರುವ ಹ್ಯಾರಿಸ್ ಪಾರ್ಕಿಗೆ ಹೋಗಿ ನನಗೊಂದು ಹೊಸ ಶಾಲು ತಂದರು. ನಿಯಮ ಬದಲಾಗದಿದ್ದರೆ ಈಡಿತವ್ವನ ಬಾಗಿಲಿಗೆ ದಿನಕ್ಕೊಂದು ಹೊಸ ಮುಖ ಬರುತ್ತದೆ ಎಂದು ನೆನೆದು, ಹೇಳಬೇಕಾದ್ದನ್ನು ಪಾತ್ರೆ ತೊಳೆಯುತ್ತಾ ದಿನಾ ಒಪ್ಪಿಸಿಕೊಳ್ಳುತ್ತೇನೆ. ಆದರೂ ಖರೇ ಹೇಳುತ್ತೇನೆ, ಸಂತೋಷವಾಗಿದೆ. ಈ ದೇಶಕ್ಕೆ ಬಂದ ಮೇಲೆ “ನಿನಗೇನು ಅನ್ನಿಸುತ್ತದೆ” ಎಂದು ನನ್ನನ್ನು ಕೇಳಿದವರು ಇವರೇ ಮೊದಲು.

ಹಾಲು ಕುಡಿ, ನಿದ್ದೆಗೆಡಬೇಡ. ಬಸವಣ್ಣ ನಿನ್ನನ್ನು ತಣ್ಣಗಿಟ್ಟಿರಲಿ.

ನಿನ್ನ ಅವ್ವ,
ಅನ್ನಪೂರ್ಣವ್ವ

ತಾ.ಕ.: ಅಂಚೆಗೆ ಹೊತ್ತಾಯಿತು, ಮುಖ್ಯ ಮಾತೇ ಉಳಿಯಿತು. ನನ್ನ ಮಾತನ್ನು ಇಂಗ್ಲಿಷಿಗೆ ತಿರುಗಿಸಲು ಅಲ್ಲಿ ಒಬ್ಬರನ್ನು ಗೊತ್ತು ಮಾಡಿದ್ದಾರಂತೆ. ಇಂಡಿಯಾದವಳು ಎಂದ ಕೂಡಲೇ ಇಲ್ಲಿ ಹಿಂದಿಯವರನ್ನೇ ಕರೆಸುತ್ತಾರೆ. ನನ್ನ ಹಿಂದಿ ಕಾಯಿಪಲ್ಯೆ ಕೊಳ್ಳುವಷ್ಟೇ, ಅದರಲ್ಲಿ ಈಡಿತವ್ವನ ಅಳು ಹೇಗೆ ಹೇಳಲಿ? ಸಂಸ್ಥೆಯ ಮೆಲ್ಬರ್ನ್ ಆಫೀಸಿಗೆ ನೀನೇ ಹೋಗಿ ಕೇಳು. ಕನ್ನಡದವರು ಸಿಗದಿದ್ದರೆ ಕ್ಲಾಸು ಬಿಟ್ಟು ನೀನು ನನ್ನ ಪಕ್ಕ ಕೂಡಬೇಕು. ಕನ್ನಡದವರೇ ಬರುತ್ತಾರೆ ಎಂದು ಮಿರಿಯಮ್ ಬಾಯಿ ನನಗೆ ಹೇಳಿದ್ದಾರೆ, ಆದರೂ ಅದೊಂದನ್ನು ಇನ್ನೊಮ್ಮೆ ಕೇಳಿ ನೋಡು.