ಇನ್ನೊಂದು ಕದ

ಪಾಸ್ಟರ್ ಅಯ್ಯನವರಿಗೆ ಕರ್ತನಲ್ಲಿ ವಂದನೆಗಳು.

ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಕ್ಷಮಿಸಿ. ಅಂಗಿಗಳಿಗೆ ಗುಂಡಿ ಹಾಕುವ ನಮ್ಮ ಗೆಳತಿಗೆ ಕಾಲಿನ ಸ್ವಾಧೀನ ತಪ್ಪಿದಾಗಿನಿಂದ ಹೊಲಿಗೆ ಕೋಣೆಯಲ್ಲಿ ಊಟದ ಬಿಡುವಿನಲ್ಲಿ ಅವಳಿಗಾಗಿ ಪ್ರಾರ್ಥಿಸುತ್ತಿದ್ದೇವೆ. ಅವಳು ಮೂರನೆಯ ಮಹಡಿಯ ಮನೆಯಿಂದ ಕೆಳಗಿಳಿದೇ ಇಲ್ಲ.

ನಿನ್ನೆ ಬೈಬಲ್ ಓದುವ ಸರದಿ ನನ್ನದು. ಪಾರ್ಶ್ವವಾಯು ಹಿಡಿದವನನ್ನು ನಾಲ್ವರು ಹೊತ್ತು ತಂದು, ಬಾಗಿಲಲ್ಲಿ ಜನ ಕಿಕ್ಕಿರಿದಿದ್ದರಿಂದ ಮನೆಯ ಚಾವಣಿ ಬಿಚ್ಚಿ ಕರ್ತನ ಮುಂದೆ ಇಳಿಸಿದ ಭಾಗ. ಚಿಕ್ಕಂದಿನಿಂದ ಕೇಳಿದ್ದೇ. ಆದರೆ ನಿನ್ನೆಯೇ ಮೊದಲ ಸಲ ಗಮನಿಸಿದೆ, ಅಯ್ಯನವರೇ. ಆ ನಾಲ್ವರು ಒಂದು ಮಾತೂ ಆಡುವುದಿಲ್ಲ! ಅವರು ಹೊತ್ತು ತಂದದ್ದರಲ್ಲೇ ಕರ್ತನು ನಂಬಿಕೆಯನ್ನು ಕಂಡ. ತಲೆಯೆತ್ತಿ ನೋಡಿದರೆ ಹೊಲಿಗೆ ಯಂತ್ರಗಳ ನಡುವೆ ನಾವೂ ನಾಲ್ವರೇ. ಹೆದರಿಕೆಯೂ ಆಯಿತು, ಎಲ್ಲಿಲ್ಲದ ಧೈರ್ಯವೂ ಬಂತು.

ಸಂಜೆ ನೇರ ಅವಳ ಮನೆಗೆ ಹೋದೆವು. “ಭಾನುವಾರ ನಿನ್ನನ್ನ ಕುರ್ಚಿ ಸಮೇತ ಚರ್ಚಿಗೆ ಹೊತ್ಕೊಂಡು ಹೋಗ್ತೀವಿ ಕಣೇ” ಅಂದೆ. “ಮೆಟ್ಟಿಲ ಮೇಲೆ ಬೀಳಿಸಿ ಸಾಯಿಸ್ತೀರೇನ್ರೇ?” ಎಂದು ರೇಗಿದಳು. ಆಮೇಲೆ ಗೋಡೆ ಕಡೆ ತಿರುಗಿ, “ಅವತ್ತು ಯಾರಾದ್ರೂ ಒಬ್ರು ಬೇಗ ಬನ್ನಿ. ತಲೆ ಬಾಚ್ಕೋಬೇಕು” ಅಂದಳು.

ಒಂದೇ ಕೋರಿಕೆ. ಚರ್ಚಿನ ಬಾಗಿಲಲ್ಲಿ ಯಾವಾಗಲೂ ಒಂದೇ ಕದ ತೆರೆದಿರುತ್ತದೆ. ನಮ್ಮ ಟೇಪು ಹಿಡಿದು ಅಳೆದೆವು, ಅದರಲ್ಲಿ ಕುರ್ಚಿ ತೂರುವುದಿಲ್ಲ. ಇನ್ನೊಂದು ಕದದ ತುಕ್ಕು ಹಿಡಿದ ಚಿಲಕವನ್ನು ದಯವಿಟ್ಟು ಶನಿವಾರವೇ ತೆಗೆಸಿಡಿ. ಆಗದಿದ್ದರೆ ಮೊದಲೇ ತಿಳಿಸಿ. ಚರ್ಚಿನ ಚಾವಣಿಯೂ ಹೆಂಚಿನದೇ ಎಂದು ನೋಡಿಕೊಂಡು ಬಂದಿದ್ದೇವೆ.

ತಮ್ಮ ಸಭೆಯ,
ಕಾಲರ್ ಹೊಲಿಯುವ ಅಕ್ಕ ಮತ್ತು ಉಳಿದ ಮೂವರು