ರಾಗಿ ಕೋಣೆಯ ಗೋಡೆ

ಹೆಬ್ಬೂರು
12-2-1961

ಕೌಸಲ್ಯಮ್ಮ ಮೇಡಂ ಅವರಿಗೆ, ನಾಲ್ಕನೇ ಕ್ಲಾಸಿನ ಚಿಕ್ಕತಾಯಿಯ ತಂದೆ ರಂಗಶಾಮಯ್ಯ ಮಾಡುವ ನಮಸ್ಕಾರಗಳು.

ನೀವು ಬೆಳಕಿನ ಪಾಠದಲ್ಲಿ ತೋರಿಸಿದ್ದನ್ನು ಮನೆಯಲ್ಲೂ ಮಾಡಿ ನೋಡಲು ನನ್ನ ಮಗಳು ರಾಗಿ ಕೋಣೆಯ ಬಾಗಿಲಿಗೆ ಮೊಳೆ ಹೊಡೆದು ತೂತು ಮಾಡಿದ್ದಳು. ನನಗೆ ಸಿಟ್ಟು ಬಂದು, "ಇನ್ನು ಸ್ಕೂಲೇ ಬೇಡ" ಅಂದುಬಿಟ್ಟೆ. ಅವಳಿಗೆ ಜ್ವರ ಅಂತ ನಿಮಗೆ ಹೇಳಿ ಕಳಿಸಿದ್ದು ಸುಳ್ಳು.

ಇವತ್ತು ಬೆಳಿಗ್ಗೆ ತೂತು ಮುಚ್ಚೋಣವೆಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಕಣ್ಣು ಕತ್ತಲೆಗೆ ಹೊಂದಿಕೊಂಡಂತೆ, ಎದುರಿನ ಸುಣ್ಣದ ಗೋಡೆಯ ಮೇಲೆ ನಮ್ಮ ತೆಂಗಿನ ತೋಟವೇ ತಲೆಕೆಳಗಾಗಿ ತೂಗುತ್ತಿತ್ತು. ಆಕಾಶ ನೆಲದ ಹತ್ತಿರ ನೀಲಿಯಾಗಿ ಹರಡಿತ್ತು. ಮೇಲೆ ಸೂರಿನ ಬಳಿ ನನ್ನ ಹೆಂಡತಿ ಹನುಮಕ್ಕ ಕಾಲು ಮೇಲಾಗಿ ಕೊಡ ಹೊತ್ತು ಬರುತ್ತಿದ್ದಳು. ಒಂದು ಹನಿಯೂ ಚೆಲ್ಲಲಿಲ್ಲ. ಅವಳನ್ನೂ ಒಳಗೆ ಕರೆದೆ.

ಬಹಳ ಹೊತ್ತು ನೋಡಿ, "ಯಾಕೆ ಹಿಂಗೆ ತಲೆಕೆಳಗಾಗಿ ಕಾಣ್ತದೆ?" ಅಂದಳು. ಬಾಗಿಲಾಚೆಯಿಂದ ಮಗಳೇ ಹೇಳಿದಳು: "ಬೆಳಕು ನೆಟ್ಟಗೆ ಹೋಗ್ತದೆ ಕಣಮ್ಮ. ಮರದ ತುದಿಯಿಂದ ಬಂದದ್ದು ತೂತು ದಾಟಿ ಕೆಳಗೆ ಬೀಳ್ತದೆ, ಬುಡದಿಂದ ಬಂದದ್ದು ಮೇಲೆ."

ನಾಳೆಯಿಂದ ಚಿಕ್ಕತಾಯಿ ಬರುತ್ತಾಳೆ. ತಪ್ಪಿಹೋದ ಪಾಠ ದಯವಿಟ್ಟು ಹೇಳಿಕೊಡಿ.

ಇನ್ನೊಂದು ಮಾತು ಕೇಳಲು ಸಂಕೋಚ. ಹನುಮಕ್ಕ ಸ್ಕೂಲಿನ ಮೆಟ್ಟಿಲು ಹತ್ತಿದವಳಲ್ಲ. ಮುಂದೆ ಇಂಥ ಪಾಠ ಮಾಡುವ ದಿನ ಅವಳೂ ಬಂದು ಹಿಂದೆ ಕೂತುಕೊಳ್ಳಬಹುದೇ? ಅವಳು ಬಾಯಿಬಿಟ್ಟು ಕೇಳಿಲ್ಲ. ಆದರೆ ಮಧ್ಯಾಹ್ನ ಪೆಟ್ಟಿಗೆಯಿಂದ ಒಳ್ಳೆ ಸೀರೆ ತೆಗೆದು ಬಿಸಿಲಿಗೆ ಹಾಕಿದ್ದಾಳೆ.

ಇಂತಿ ತಮ್ಮ ವಿಧೇಯ,
ರಂಗಶಾಮಯ್ಯ